ಗೋಥರನ್ನು ಒಳಗೆ ಬಿಟ್ಟಿದ್ದಕ್ಕೇ ರೋಮ್ ಬಿತ್ತಾ?

2021ರ ಅಕ್ಟೋಬರ್ ಕೊನೆಯಲ್ಲಿ ಜಿ20 ಸಭೆಗೆ ಅಂತ ರೋಮ್‌ಗೆ ಹೋದ ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್, ರೋಮ್ ಸಾಮ್ರಾಜ್ಯ ಬಿದ್ದಿದ್ದು ಬಹುಮಟ್ಟಿಗೆ ಹಿಡಿತ ತಪ್ಪಿದ ವಲಸೆಯಿಂದ ಅಂದರು. ಗಡಿ ಕಾಯುವುದಕ್ಕೆ ಆಗಲಿಲ್ಲ, ಪೂರ್ವದ ಕಡೆಯಿಂದ ಜನ ಬಂದರು, ಎಲ್ಲ ಮುಗಿಯಿತು ಅನ್ನುವ ಅರ್ಥದ ಮಾತು. ಅದಕ್ಕೂ ಆರು ವರ್ಷ ಮುಂಚೆ, 2015ರಲ್ಲಿ, ಸಿರಿಯಾ ಯುದ್ಧದಿಂದ ತಪ್ಪಿಸಿಕೊಂಡವರೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಯುರೋಪಿಗೆ ಬಂದಿದ್ದರು. ಆಗ ನೆದರ್ಲ್ಯಾಂಡ್ಸ್ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಕೂಡ ಇಂಥದ್ದೇ ಮಾತಾಡಿದ್ದರು. ಗಡಿ ಭದ್ರವಾಗಿಲ್ಲದಿದ್ದರೆ ದೊಡ್ಡ ಸಾಮ್ರಾಜ್ಯಗಳು ಬೀಳುತ್ತವೆ, ರೋಮ್ ನೋಡಿ, ಅಂತ.

ಈ ಎರಡೂ ಮಾತಿನ ಹಿಂದೆ ಇರುವ ಜನ ಗೋಥರು. ಕ್ರಿ.ಶ. 376ರಲ್ಲಿ ಅವರು ಡ್ಯಾನ್ಯೂಬ್ ನದಿಯ ದಡಕ್ಕೆ ಬಂದು ಆಶ್ರಯ ಕೇಳಿದರು. ರೋಮ್ ಒಳಗೆ ಬಿಟ್ಟಿತು. ಎರಡೇ ವರ್ಷದಲ್ಲಿ ಅವರು ಚಕ್ರವರ್ತಿಯ ಸೇನೆಯನ್ನೇ ಮುಗಿಸಿದರು, 410ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದರು, ಡ್ಯಾನ್ಯೂಬ್ ದಾಟಿದ ನೂರು ವರ್ಷಕ್ಕೆ ಸರಿಯಾಗಿ, 476ರಲ್ಲಿ, ಪಶ್ಚಿಮ ಸಾಮ್ರಾಜ್ಯದ ಕೊನೆಯ ಚಕ್ರವರ್ತಿಯನ್ನು ಇಳಿಸಲಾಯಿತು. ಘಟನೆಗಳ ಸಾಲು ನಿಜ. ಆದರೆ ಒಂದಾದ ಮೇಲೆ ಒಂದು ನಡೆಯಿತು ಅಂದ ಮಾತ್ರಕ್ಕೆ ಮೊದಲನೆಯದೇ ಕೊನೆಯದಕ್ಕೆ ಕಾರಣ ಅನ್ನೋಕಾಗಲ್ಲ, ಅಲ್ವಾ? ನಡುವೆ ಏನಾಯಿತು ಅನ್ನುವುದು ಮುಖ್ಯ. ಅದನ್ನು ರೋಮನ್ನರೇ ಬರೆದಿಟ್ಟಿದ್ದಾರೆ, ಮತ್ತು ಅವರು ಬರೆದಿರುವುದು ಈ ರಾಜಕಾರಣಿಗಳು ಹೇಳುವ ಕಥೆಯಲ್ಲ.

ಮೊದಲು ಈ ಜನ ಯಾರು ಅಂತ ನೋಡೋಣ. 551ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಪೂರ್ವ ಸಾಮ್ರಾಜ್ಯದ ರಾಜಧಾನಿ, ಇಂದಿನ ಇಸ್ತಾಂಬುಲ್) ಕೂತು ಗೋಥರ ಇತಿಹಾಸ ಬರೆದ ಜೋರ್ಡಾನೆಸ್, ಅವರ ಪೂರ್ವಜರು ಬೆರಿಗ್ ಅನ್ನುವ ರಾಜನ ಜೊತೆ ಮೂರು ಹಡಗುಗಳಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂದರು ಅನ್ನುತ್ತಾನೆ. ಅವನು ಹೇಳುತ್ತಿದ್ದದ್ದು ತನಗಿಂತ ನೂರಾರು ವರ್ಷ ಹಿಂದಿನ ಕಥೆ. ಹಾಗಾಗಿ ಇತಿಹಾಸಕಾರರು ಇದನ್ನು ಅಕ್ಷರಶಃ ನಂಬುವುದಿಲ್ಲ. ಆದರೂ ಪೂರ್ತಿ ತಳ್ಳಿಹಾಕುವುದಕ್ಕೂ ಆಗುತ್ತಿಲ್ಲ. ಇಂದಿನ ಪೋಲೆಂಡ್‌ನಲ್ಲಿ ಸಿಕ್ಕಿರುವ ವಿಯೆಲ್ಬಾರ್ಕ್ ಸಂಸ್ಕೃತಿಯ ಸಮಾಧಿಗಳನ್ನು ಗೋಥರ ಜೊತೆ ಜೋಡಿಸುತ್ತಾರೆ. ಅಲ್ಲಿನ ಎಲುಬುಗಳಿಂದ ತೆಗೆದ ಡಿಎನ್‌ಎ ಮೇಲೆ ಈಚೆಗೆ ನಡೆದ ಅಧ್ಯಯನಗಳು ಸ್ಕ್ಯಾಂಡಿನೇವಿಯಾದ ನಂಟನ್ನು ತೋರಿಸಿವೆ. ಮುಂದೆ ಇಂದಿನ ಉಕ್ರೇನ್, ಮೊಲ್ಡೋವಾ, ರೊಮೇನಿಯಾ ಕಡೆ ಬೆಳೆದ ಚೆರ್ನ್ಯಾಖೋವ್ ಸಂಸ್ಕೃತಿ ಮಾತ್ರ ಕಲಬೆರಕೆ. ಅಲ್ಲಿ ಗೋಥರಿದ್ದರು, ಜೊತೆಗೆ ಸರ್ಮೇಶಿಯನ್ನರು, ಸ್ಥಳೀಯ ರೈತರು, ರೋಮ್‌ನಿಂದ ಹಿಡಿದು ತಂದ ಸೆರೆಯಾಳುಗಳ ಮಕ್ಕಳು ಎಲ್ಲರೂ ಇದ್ದರು. ಗೋಥ್ ಅನ್ನುವುದು ಬರೀ ರಕ್ತದ ಲೆಕ್ಕ ಆಗಿರಲಿಲ್ಲ. ಭಾಷೆ, ಸೇನೆ, ನಾಯಕ ಇವೆಲ್ಲ ಸೇರಿ ಆದ ಗುರುತು ಅದು.

ಅವರು ಸಾಧುಗಳೇನಲ್ಲ. 251ರಲ್ಲಿ ಡೇಸಿಯಸ್ ಚಕ್ರವರ್ತಿ ಅವರ ಜೊತೆಗಿನ ಯುದ್ಧದಲ್ಲೇ ಸತ್ತ. ಆಮೇಲಿನ ವರ್ಷಗಳಲ್ಲಿ ಕಪ್ಪು ಸಮುದ್ರ ದಾಟಿ ಏಷ್ಯಾ ಮೈನರ್ ತನಕ ದಾಳಿ ಮಾಡಿ ಜನರನ್ನು ಹಿಡಿದುಕೊಂಡು ಹೋದರು. ಆದರೆ 332ರಲ್ಲಿ ಕಾನ್‌ಸ್ಟಾಂಟೈನ್ ಅವರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಸುಮಾರು ಮೂವತ್ತು ವರ್ಷ ಆ ಗಡಿ ಹೆಚ್ಚುಕಡಿಮೆ ಶಾಂತವಾಗಿಯೇ ಇತ್ತು. ವ್ಯಾಪಾರ ನಡೆಯುತ್ತಿತ್ತು. ಗೋಥ್ ಹುಡುಗರು ರೋಮ್ ಸೇನೆಗೆ ಸೇರುತ್ತಿದ್ದರು. ರೋಮನ್ನರಿಗೆ 376ರಲ್ಲಿ ದಡಕ್ಕೆ ಬಂದ ಜನ ಅಪರಿಚಿತರಲ್ಲ, ನೂರು ವರ್ಷಕ್ಕೂ ಜಾಸ್ತಿ ಕಾಲದ ನೆರೆಯವರು.

ಈಗ 376. ಪೂರ್ವದಿಂದ ಹೂಣರು ಬಂದು ಗೋಥರ ನೆಲದ ಮೇಲೆ ಬಿದ್ದಿದ್ದರು. ಟೆರ್ವಿಂಗಿ ಅನ್ನುವ ಗೋಥ್ ಗುಂಪಿನ ದೊಡ್ಡ ಭಾಗ ಅಲಾವಿವಸ್ ಮತ್ತು ಫ್ರಿಟಿಗರ್ನ್ ಅನ್ನುವ ನಾಯಕರ ಜೊತೆ ಡ್ಯಾನ್ಯೂಬ್‌ಗೆ ಬಂತು. ಆಗ ಸಾಮ್ರಾಜ್ಯದ ಪೂರ್ವಕ್ಕೂ ಪಶ್ಚಿಮಕ್ಕೂ ಬೇರೆ ಬೇರೆ ಚಕ್ರವರ್ತಿಗಳಿದ್ದರು. ಪೂರ್ವದ ಚಕ್ರವರ್ತಿ ವಾಲೆನ್ಸ್ ಆಗ ಸಿರಿಯಾದ ಆಂಟಿಯಾಕ್‌ನಲ್ಲಿದ್ದ, ಪರ್ಷಿಯಾ ಜೊತೆ ತಕರಾರು ನಡೆಯುತ್ತಿತ್ತು. ದೂತರು ಅಲ್ಲಿಗೆ ಹೋಗಿ ಕೇಳಿದರು, ಅವನು ಒಪ್ಪಿದ. ಅವನಿಗೆ ಗಡಿ ಕಾಯುವ ಶಕ್ತಿ ಇರಲಿಲ್ಲ ಅನ್ನುವುದಕ್ಕಿಂತ, ಸೇನೆಗೆ ಹೊಸ ಜನ ಸಿಗುತ್ತಾರೆ, ತನ್ನ ಪ್ರಾಂತ್ಯಗಳು ಸೈನಿಕರ ಬದಲು ದುಡ್ಡು ಕಟ್ಟಬಹುದು, ಖಜಾನೆ ತುಂಬುತ್ತದೆ ಅನ್ನುವ ಲೆಕ್ಕ ಇತ್ತು ಅಂತ ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಬರೆಯುತ್ತಾನೆ. ಈ ಅಮ್ಮಿಯಾನಸ್ ಆಂಟಿಯಾಕ್‌ನವನು ಅಂತ ಹೇಳುತ್ತಾರೆ, ಹಳೆಯ ಸೈನಿಕ, ಗೋಥರ ಮೇಲೆ ಅವನಿಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಅದಕ್ಕೇ ಅವನು ಮುಂದೆ ಹೇಳುವುದನ್ನು ನಂಬಬೇಕಾಗುತ್ತದೆ.

ಮಳೆಯಿಂದ ನದಿ ತುಂಬಿತ್ತು. ಜನ ದೋಣಿ, ತೆಪ್ಪ, ಟೊಳ್ಳು ಮಾಡಿದ ಮರದ ದಿಮ್ಮಿ, ಸಿಕ್ಕಿದ್ದರಲ್ಲಿ ಹಗಲೂ ರಾತ್ರಿ ದಾಟಿದರು. ಈಜಿ ದಾಟಲು ಹೋದವರು ಬಹಳ ಜನ ಮುಳುಗಿದರು. ಅಧಿಕಾರಿಗಳು ಎಣಿಸಲು ನೋಡಿ ಕೈಬಿಟ್ಟರು. ಯುನೇಪಿಯಸ್ ಅನ್ನುವವನು ಸುಮಾರು 2 ಲಕ್ಷ ಅಂದಿದ್ದಾನೆ, ಇಂದಿನ ಬಹುತೇಕ ಇತಿಹಾಸಕಾರರು ಅದು ಜಾಸ್ತಿ ಆಯಿತು ಅನ್ನುತ್ತಾರೆ.

ದಾಟಿದ ಮೇಲೆ ಏನಾಯಿತು? ಅವರನ್ನು ನೋಡಿಕೊಳ್ಳಲು ಇಬ್ಬರು ಅಧಿಕಾರಿಗಳಿದ್ದರು, ಲುಪಿಸಿನಸ್ ಮತ್ತು ಮ್ಯಾಕ್ಸಿಮಸ್. ಜನರಿಗೆ ಕೊಡಬೇಕಾದ ಆಹಾರ ಅವರಿಗೆ ವ್ಯಾಪಾರವಾಯಿತು. ಹಸಿದವರಿಗೆ ನಾಯಿ ಮಾಂಸ ಮಾರಿದರು, ಒಂದು ನಾಯಿಗೆ ಬೆಲೆ ಒಬ್ಬ ಗುಲಾಮ. ನಾಯಕರ ಮಕ್ಕಳನ್ನೂ ಹೀಗೇ ಕೊಂಡುಕೊಂಡರು. ಇದನ್ನು ಬರೆದಿರುವುದು ಗೋಥರಲ್ಲ, ಅಮ್ಮಿಯಾನಸ್. ಈ ಅಧಿಕಾರಿಗಳ ದುರಾಸೆಯೇ ನಮ್ಮೆಲ್ಲ ಅನಾಹುತಕ್ಕೆ ಮೂಲ ಅನ್ನುವಂತೆ ಅವನು ಸಿಟ್ಟಿನಿಂದ ಬರೆಯುತ್ತಾನೆ.

ಆಮೇಲೆ ಇಂದಿನ ಬಲ್ಗೇರಿಯಾದಲ್ಲಿರುವ ಮಾರ್ಸಿಯಾನೋಪಲ್ ಅನ್ನುವ ಊರು. ಲುಪಿಸಿನಸ್ ಇಬ್ಬರೂ ಗೋಥ್ ನಾಯಕರನ್ನು ಊಟಕ್ಕೆ ಕರೆದ. ಕೋಟೆಯ ಹೊರಗೆ ಹಸಿದ ಜನ, ಊರೊಳಗೆ ಬಂದು ಆಹಾರ ಕೊಳ್ಳಲು ಬಿಡಿ ಅಂತ ಬೇಡುತ್ತಿದ್ದರು, ಬಿಡಲಿಲ್ಲ. ಜಗಳ ಹತ್ತಿತು. ಒಳಗೆ ಲುಪಿಸಿನಸ್ ನಾಯಕರ ಕಾವಲಿನವರನ್ನು ಕೊಲ್ಲಿಸಿದ. ಫ್ರಿಟಿಗರ್ನ್ ತಪ್ಪಿಸಿಕೊಂಡು ಹೊರಗೆ ಬಂದ. ಅಲಾವಿವಸ್‌ನ ಹೆಸರು ಆಮೇಲೆ ಎಲ್ಲೂ ಬರುವುದಿಲ್ಲ. ದಂಗೆ ಶುರುವಾಗಿದ್ದು ಅವತ್ತು. ಇನ್ನೊಂದು ಕಡೆ ಈ ಗಲಾಟೆಯಲ್ಲಿ ನದಿ ಕಾಯುತ್ತಿದ್ದ ಸೈನಿಕರನ್ನು ಟೆರ್ವಿಂಗಿಗಳ ಕಾವಲಿಗೆ ಹಾಕಿದ್ದರಿಂದ, ಅನುಮತಿ ಸಿಗದಿದ್ದ ಗ್ರೂಥಂಗಿ ಅನ್ನುವ ಇನ್ನೊಂದು ಗೋಥ್ ಗುಂಪು ಸದ್ದಿಲ್ಲದೆ ದಾಟಿಬಿಟ್ಟಿತು.

ಏಡ್ರಿಯಾನೋಪಲ್‌ನಲ್ಲಿ ನಡೆದದ್ದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಅಲ್ಲಿ ಸ್ವೆರಿಡಾಸ್ ಮತ್ತು ಕೊಲಿಯಾಸ್ ಅನ್ನುವವರ ಕೈಕೆಳಗೆ ಬಹಳ ಹಿಂದೆಯೇ ಸೇರಿದ್ದ ಗೋಥ್ ಸೈನಿಕರಿದ್ದರು. ಫ್ರಿಟಿಗರ್ನ್ ದಂಗೆ ಎದ್ದದ್ದು ಕೇಳಿಯೂ ಅವರು ಅಲುಗಾಡಲಿಲ್ಲ. ಅವರನ್ನು ಬೇರೆ ಕಡೆ ಹೊರಡಿ ಅಂತ ಆಜ್ಞೆ ಬಂತು. ದಾರಿ ಖರ್ಚು, ಊಟ, ಎರಡು ದಿನದ ಸಮಯ ಕೊಡಿ, ಹೊರಡುತ್ತೇವೆ ಅಂದರು. ಊರಿನ ಅಧಿಕಾರಿಗೆ ಅವರ ಮೇಲೆ ಬೇರೆ ಸಿಟ್ಟಿತ್ತು. ಅವನು ಊರಿನ ಜನರ ಕೈಗೆ ಆಯುಧ ಕೊಟ್ಟು ಅವರ ಮೇಲೆ ಬಿಟ್ಟ. ರೋಮ್‌ಗೆ ನಿಷ್ಠರಾಗಿದ್ದ ಆ ಸೈನಿಕರು ಅಲ್ಲಿಂದ ಹೊರಟು ಫ್ರಿಟಿಗರ್ನ್ ಜೊತೆ ಸೇರಿದರು. ಏಡ್ರಿಯಾನೋಪಲ್ ಇರುವ ಥ್ರೇಸ್ ಸೀಮೆಯ ಗಣಿ ಕೆಲಸಗಾರರೂ ತೆರಿಗೆ ತಾಳಲಾರದೆ ಸೇರಿದರು ಅಂತ ಅಮ್ಮಿಯಾನಸ್ ಬರೆಯುತ್ತಾನೆ. ಅವರು ವಲಸೆ ಬಂದವರಲ್ಲ, ರೋಮ್‌ನದೇ ಜನ.

ಗೋಥರು ಆ ಎರಡು ವರ್ಷ ಥ್ರೇಸ್‌ನ ಹಳ್ಳಿಗಳಿಗೆ ಕೊಟ್ಟ ಹಿಂಸೆ ಭಯಂಕರ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸುಟ್ಟರು, ಕೊಂದರು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹೋದರು. 378ರ ಆಗಸ್ಟ್ 9ರಂದು ವಾಲೆನ್ಸ್, ಪಶ್ಚಿಮದಿಂದ ಬರುತ್ತಿದ್ದ ಅಲ್ಲಿನ ಚಕ್ರವರ್ತಿ ಗ್ರೇಷಿಯನ್‌ನ ಸೇನೆಗೆ ಕಾಯದೆ, ಬಿಸಿಲಲ್ಲಿ ಬಾಯಾರಿದ ಸೈನಿಕರನ್ನು ಏಡ್ರಿಯಾನೋಪಲ್ ಹೊರಗೆ ಯುದ್ಧಕ್ಕೆ ನಿಲ್ಲಿಸಿದ. ಸೇನೆಯ ಮೂರರಲ್ಲಿ ಎರಡು ಪಾಲು ಸತ್ತಿತು. ಚಕ್ರವರ್ತಿಯ ಶವವೂ ಸಿಗಲಿಲ್ಲ. ಆ ಊರೇ ಇಂದು ಟರ್ಕಿಯ ಎಡಿರ್ನೆ. 2020ರ ಫೆಬ್ರವರಿ ಕೊನೆಯಲ್ಲಿ ಟರ್ಕಿ ತನ್ನ ಗಡಿ ಬಾಗಿಲು ತೆರೆದಿದ್ದೇವೆ ಅಂದಾಗ ಸಾವಿರಾರು ಜನ ಹೋಗಿ ಸೇರಿದ್ದು ಇದೇ ಎಡಿರ್ನೆ ಪಕ್ಕದ ಪಜಾರ್ಕುಲೆಯಲ್ಲಿ. ಆಚೆ ಗ್ರೀಸ್ ಪೊಲೀಸರು, ಅಶ್ರುವಾಯು, ಈಚೆ ಮಕ್ಕಳನ್ನು ಹೊತ್ತ ಜನ. ಜಾಗ ಒಂದೇ ಆದ್ದರಿಂದ ಹೋಲಿಕೆ ಸುಲಭವಾಗಿ ಬರುತ್ತದೆ, ಅದರ ಮಿತಿಯ ಬಗ್ಗೆ ಮುಂದೆ ಹೇಳುತ್ತೇನೆ.

ಅದಕ್ಕೂ ಮುಂಚೆ ಇನ್ನೊಂದು ಗುಂಪಿನ ವಿಷಯ ಹೇಳಲೇಬೇಕು. ಈ ಚರ್ಚೆಯಲ್ಲಿ ರಾಜಕಾರಣಿಗಳು ಯಾರೂ ಇವರ ಹೆಸರು ಎತ್ತುವುದಿಲ್ಲ. 376ಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಗೋಥರ ಒಂದು ಗುಂಪು ಡ್ಯಾನ್ಯೂಬ್ ದಾಟಿ ರೋಮ್‌ನಲ್ಲಿ ಆಶ್ರಯ ಪಡೆದಿತ್ತು. ಅದರ ಮುಂದಾಳು ವುಲ್ಫಿಲಾ.

ವುಲ್ಫಿಲಾನ ಅಜ್ಜ ಅಜ್ಜಿಯರ ಕಾಲದವರು ಇಂದಿನ ಟರ್ಕಿಯ ಕಪಡೋಸಿಯಾದವರು. ಗೋಥರ ದಾಳಿಯಲ್ಲಿ ಸೆರೆ ಸಿಕ್ಕಿ ಡ್ಯಾನ್ಯೂಬ್ ಆಚೆ ಹೋದವರು. ಮೊಮ್ಮಗ ಅಲ್ಲೇ ಗೋಥನಾಗಿ ಬೆಳೆದ, ಹೆಸರೂ ಗೋಥಿಕ್ಕೇ. ಗ್ರೀಕ್, ಲ್ಯಾಟಿನ್, ಗೋಥಿಕ್ ಮೂರರಲ್ಲೂ ಉಪದೇಶ ಮಾಡುತ್ತಿದ್ದ. 341ರ ಸುಮಾರಿಗೆ ಅವನನ್ನು ಗೋಥರ ನಾಡಿನ ಕ್ರೈಸ್ತರಿಗೆ ಬಿಷಪ್ ಮಾಡಿದರು. ಏಳು ವರ್ಷದ ನಂತರ ಗೋಥ್ ನಾಯಕರು ಕ್ರೈಸ್ತರನ್ನು ಹಿಂಸಿಸಲು ಶುರು ಮಾಡಿದಾಗ ತನ್ನವರನ್ನು ಕರೆದುಕೊಂಡು ರೋಮ್ ಗಡಿಗೆ ಬಂದ. ಕಾನ್‌ಸ್ಟಾಂಟಿಯಸ್ ಚಕ್ರವರ್ತಿ ಜಾಗ ಕೊಟ್ಟ, ಇಂದಿನ ಬಲ್ಗೇರಿಯಾದ ನಿಕೋಪೊಲಿಸ್ ಸುತ್ತಮುತ್ತ. ಅಲ್ಲಿ ಅವರಿಗೆ ನೆಲ ಸಿಕ್ಕಿತು, ಯಾರೂ ಅವರ ಮಕ್ಕಳನ್ನು ನಾಯಿ ಮಾಂಸಕ್ಕೆ ಕೊಳ್ಳಲಿಲ್ಲ.

ಇನ್ನೂರು ವರ್ಷದ ಮೇಲೆ ಜೋರ್ಡಾನೆಸ್ ಅವರ ಬಗ್ಗೆ ಬರೆಯುವಾಗ ಅವರು ಇನ್ನೂ ಅಲ್ಲೇ ಇದ್ದರು. ಸಂಖ್ಯೆಯಲ್ಲಿ ಜಾಸ್ತಿ, ಬಡವರು, ಯುದ್ಧದ ಗೋಜಿಗೆ ಹೋಗದವರು, ದನ ಕುರಿ ಮೇಯಿಸಿಕೊಂಡು ಹಾಲು ಕುಡಿದು ಬದುಕುವವರು ಅನ್ನುತ್ತಾನೆ. ಅದೇ ಜನ, ಅದೇ ಭಾಷೆ, ಅದೇ ನದಿ, ಅದೇ ಸಾಮ್ರಾಜ್ಯ. 348ರಲ್ಲಿ ಬಂದವರಿಂದ ಯಾವ ಸಾಮ್ರಾಜ್ಯವೂ ಬೀಳಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಳಗೆ ಬಿಟ್ಟದ್ದೇ ತಪ್ಪು ಅನ್ನುವ ವಾದಕ್ಕೆ ಕಾಲೇ ಇಲ್ಲ. ಹೌದು, ವುಲ್ಫಿಲಾನ ಗುಂಪು ಚಿಕ್ಕದು, ಕ್ರೈಸ್ತರದು, ಬೆನ್ನಿಗೆ ಹೂಣರಿರಲಿಲ್ಲ. ಅಷ್ಟು ವ್ಯತ್ಯಾಸ ಒಪ್ಪುತ್ತೇನೆ. ಆದರೆ ಫ್ರಿಟಿಗರ್ನ್‌ನ ಜನ ಕೂಡ ದಡದಲ್ಲಿ ಕೇಳಿದ್ದು ಬೇಸಾಯಕ್ಕೆ ನೆಲ, ಅದಕ್ಕೆ ಬದಲಾಗಿ ಸೇನೆಗೆ ಹುಡುಗರನ್ನು ಕೊಡುತ್ತೇವೆ ಅಂತ. ಕೈಲಿದ್ದ ಒಪ್ಪಂದವನ್ನು ಮುರಿದದ್ದು ಅಧಿಕಾರಿಗಳು.

ವುಲ್ಫಿಲಾನ ನಿಜವಾದ ದೊಡ್ಡ ಕೆಲಸ ಭಾಷೆಯದು. ಗೋಥಿಕ್‌ಗೆ ಅಲ್ಲಲ್ಲಿ ಕೆತ್ತುವ ರೂನ್ ಅಕ್ಷರ ಬಿಟ್ಟರೆ ಪುಸ್ತಕದ ಬರವಣಿಗೆ ಇರಲಿಲ್ಲ. ಅವನು ಗ್ರೀಕ್ ಅಕ್ಷರಗಳನ್ನು ಮುಖ್ಯವಾಗಿ ಇಟ್ಟುಕೊಂಡು, ಲ್ಯಾಟಿನ್ ಮತ್ತು ರೂನ್‌ಗಳಿಂದ ಕೆಲವನ್ನು ತೆಗೆದುಕೊಂಡು 27 ಅಕ್ಷರಗಳ ಲಿಪಿ ಮಾಡಿದ. ಅದರಲ್ಲಿ ಎರಡು ಬರೀ ಅಂಕಿಗೆ, 90ಕ್ಕೆ ಒಂದು, 900ಕ್ಕೆ ಒಂದು. ಆಮೇಲೆ ಬೈಬಲ್ ಅನುವಾದಕ್ಕೆ ಕೈ ಹಾಕಿದ. ರಾಜರ ಯುದ್ಧಗಳ ಕಥೆ ಇರುವ ಭಾಗವನ್ನು ಬೇಕಂತಲೇ ಬಿಟ್ಟ, ತನ್ನ ಜನಕ್ಕೆ ಯುದ್ಧದ ಹುಚ್ಚು ಮೊದಲೇ ಜಾಸ್ತಿ ಅಂತ, ಎಂದು ಫಿಲೋಸ್ಟೋರ್ಜಿಯಸ್ ಅನ್ನುವ ಇತಿಹಾಸಕಾರ ಹೇಳುತ್ತಾನೆ.

ಈ ಅನುವಾದ ಇಲ್ಲದಿದ್ದರೆ ಗೋಥರ ಭಾಷೆ ಹೇಗಿತ್ತು ಅಂತ ನಮಗೆ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಇರುವ ಜರ್ಮಾನಿಕ್ ಕುಟುಂಬದಲ್ಲಿ ಉದ್ದನೆಯ ಬರಹ ಉಳಿದಿರುವ ಅತ್ಯಂತ ಹಳೆಯ ಭಾಷೆ ಇದು. ಇಂಗ್ಲಿಷ್‌ನ ಬರಹಕ್ಕಿಂತ ನೂರಾರು ವರ್ಷ ಹಿಂದಿನದು. ಆದರೆ ಅದು ಇಂಗ್ಲಿಷ್‌ಗೂ ಜರ್ಮನ್‌ಗೂ ತಾಯಿಯಲ್ಲ. ಪೂರ್ವ ಜರ್ಮಾನಿಕ್ ಅನ್ನುವ ಬೇರೆ ಕೊಂಬೆ, ಆ ಕೊಂಬೆಯಲ್ಲಿ ಇಂದು ಒಂದು ಭಾಷೆಯೂ ಉಳಿದಿಲ್ಲ. ಸಂಸ್ಕೃತ ಸ್ವಲ್ಪ ಓದಿದವರಿಗೆ ಗೋಥಿಕ್ ವ್ಯಾಕರಣದಲ್ಲಿ ಪರಿಚಯದ ಮುಖಗಳು ಕಾಣುತ್ತವೆ. ಇಬ್ಬರನ್ನು ಹೇಳಲು ದ್ವಿವಚನದ ರೂಪ ಕ್ರಿಯಾಪದಗಳಲ್ಲಿ ಇನ್ನೂ ಇತ್ತು. ಸಂಸ್ಕೃತದಲ್ಲಿ ದದರ್ಶ, ಚಕಾರ ಅನ್ನುವಾಗ ಮೊದಲ ಅಕ್ಷರ ಎರಡು ಸಲ ಬರುತ್ತದಲ್ಲ, ಹಾಗೆಯೇ ಕೆಲವು ಗೋಥಿಕ್ ಕ್ರಿಯಾಪದಗಳು ಭೂತಕಾಲದಲ್ಲಿ ಮೊದಲ ಅಕ್ಷರವನ್ನು ಮತ್ತೆ ಹೇಳುತ್ತವೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಫ್ರಾಂಜ್ ಬೋಪ್, ಯಾಕೋಬ್ ಗ್ರಿಮ್ ಇಂಥವರು ಭಾಷೆಗಳ ನೆಂಟಸ್ತನ ಹುಡುಕುವಾಗ ಗೋಥಿಕ್ ಅವರ ಕೈಗೆ ಸಿಕ್ಕ ದೊಡ್ಡ ಸಾಕ್ಷಿ.

ಉಳಿದಿರುವ ಹಸ್ತಪ್ರತಿಗಳಲ್ಲಿ ಹೆಸರಾದದ್ದು ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿರುವ ಕೋಡೆಕ್ಸ್ ಅರ್ಜೆಂಟಿಯಸ್. ನೇರಳೆ ಬಣ್ಣ ಕೊಟ್ಟ ಚರ್ಮದ ಹಾಳೆಗಳ ಮೇಲೆ ಬೆಳ್ಳಿ ಮತ್ತು ಚಿನ್ನದ ಮಸಿಯಲ್ಲಿ ಬರೆದದ್ದು. ಆರನೇ ಶತಮಾನದ ಶುರುವಿನಲ್ಲಿ ಇಟಲಿಯ ರವೆನ್ನಾದಲ್ಲಿ, ಬಹುಶಃ ಆಗ ಇಟಲಿಯನ್ನು ಆಳುತ್ತಿದ್ದ ಗೋಥ್ ರಾಜ ತಿಯೋಡೊರಿಕ್‌ಗಾಗಿ. 336 ಹಾಳೆಗಳಲ್ಲಿ ಈಗ ಉಳಿದಿರುವುದು 188, ಅದರಲ್ಲಿ ಒಂದು 1970ರಲ್ಲಿ ಜರ್ಮನಿಯ ಸ್ಪೆಯರ್ ಚರ್ಚಿನಲ್ಲಿ ಸಿಕ್ಕಿತು. 1648ರಲ್ಲಿ ಸ್ವೀಡನ್ ಸೇನೆ ಪ್ರಾಗ್‌ನಿಂದ ಲೂಟಿ ಮಾಡಿ ತಂದದ್ದು ಈ ಪುಸ್ತಕ. ಹೊಸ ತುಣುಕುಗಳು ಈಗಲೂ ಸಿಗುತ್ತಿವೆ. ಹದಿನೈದು ವರ್ಷದ ಹಿಂದಷ್ಟೇ ಬೊಲೋನ್ಯಾದ ಒಂದು ಚರ್ಚಿನ ಹಳೆಯ ಹಾಳೆಯಲ್ಲಿ, ಅಳಿಸಿ ಮೇಲೆ ಲ್ಯಾಟಿನ್ ಬರೆದಿದ್ದ ಗೋಥಿಕ್ ಬರಹ ಪತ್ತೆಯಾಯಿತು.

ಹೀಗೆ ತಮ್ಮದೇ ಲಿಪಿ, ತಮ್ಮದೇ ಚರ್ಚು ಇಟ್ಟುಕೊಂಡ ಜನ ರೋಮ್ ಸಮಾಜದಲ್ಲಿ ಹೇಗಿದ್ದರು? 382ರಲ್ಲಿ ತಿಯೋಡೋಸಿಯಸ್ ಚಕ್ರವರ್ತಿ ಗೋಥರ ಜೊತೆ ಶಾಂತಿ ಮಾಡಿಕೊಂಡು ಡ್ಯಾನ್ಯೂಬ್ ಈಚೆ ನೆಲ ಕೊಟ್ಟ, ಬದಲಿಗೆ ಅವರು ಅವನ ಸೇನೆಗೆ ದುಡಿಯಬೇಕು. 394ರಲ್ಲಿ ಫ್ರಿಜಿಡಸ್ ನದಿಯ ಬಳಿ ರೋಮನ್ನರ ಅಂತರ್ಯುದ್ಧದಲ್ಲಿ ಅವನು ಗೋಥರನ್ನೇ ಮುಂದೆ ನಿಲ್ಲಿಸಿದ. 10,000 ಗೋಥರು ಸತ್ತರು ಅಂತ ಓರೋಸಿಯಸ್ ಬರೆಯುತ್ತಾನೆ, ಅವರು ಸತ್ತದ್ದೂ ಒಂದು ಲಾಭ ಅನ್ನುವ ಧಾಟಿಯಲ್ಲಿ. ಅಲಾರಿಕ್ ಅನ್ನುವ ಗೋಥ್ ನಾಯಕ ಮರುವರ್ಷವೇ ತಿರುಗಿಬಿದ್ದ ಅಂದರೆ ಆಶ್ಚರ್ಯ ಏನಿದೆ?

399ರ ಸುಮಾರಿಗೆ ಸಿನೇಸಿಯಸ್ ಅನ್ನುವ ಗ್ರೀಕ್ ಪಂಡಿತ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ರಾಜನಾದವನು ಹೇಗಿರಬೇಕು ಅಂತ ಭಾಷಣದ ರೂಪದಲ್ಲಿ ಬರೆದ. ಅದನ್ನು ಇವತ್ತು ಓದಿದರೆ ಯಾವುದೋ ಚುನಾವಣಾ ಪ್ರಚಾರ ಕೇಳಿದ ಹಾಗೆ ಆಗುತ್ತದೆ. ಗೋಥರನ್ನು ಸೇನೆಯಿಂದ ಕಿತ್ತುಹಾಕಿ, ಹೊಲಕ್ಕೆ ಕಳಿಸಿ, ಇಲ್ಲವೇ ನದಿ ಆಚೆ ಓಡಿಸಿ. ಈ ಜನ ಸೆನೆಟ್‌ಗೆ ಬರುವಾಗ ನಮ್ಮ ಟೋಗಾ ಹಾಕುತ್ತಾರೆ, ಹೊರಗೆ ಹೋದ ಕೂಡಲೇ ತಮ್ಮ ಚರ್ಮದ ಬಟ್ಟೆ ಹಾಕಿಕೊಂಡು ನಮ್ಮನ್ನು ಆಡಿಕೊಳ್ಳುತ್ತಾರೆ ಅಂತ ದೂರು. ಅದೇ ಬರಹದಲ್ಲಿ ಇನ್ನೊಂದು ಮಾತು. ಸ್ವಲ್ಪ ಅನುಕೂಲ ಇರುವ ಮನೆಯಲ್ಲೆಲ್ಲ ಗೋಥ್ ಗುಲಾಮರಿದ್ದಾರೆ, ಅಡುಗೆ ಮಾಡುವವರು ಅವರೇ, ನೀರು ಹೊರುವವರು ಅವರೇ. ಅವರ ದುಡಿಮೆ ಬೇಕು, ಅವರು ಸೆನೆಟ್‌ನಲ್ಲಿ ಕೂರುವುದು ಬೇಡ. 400ರಲ್ಲಿ ಗೈನಾಸ್ ಅನ್ನುವ ಗೋಥ್ ಸೇನಾಪತಿಯ ಗಲಾಟೆಯ ಹೊತ್ತಿಗೆ ಆ ನಗರದ ಜನ ಗೋಥರ ಮೇಲೆ ಬಿದ್ದರು, ಚರ್ಚಿಗೆ ಓಡಿ ಅವಿತುಕೊಂಡವರನ್ನೂ ಸುಟ್ಟು ಕೊಂದರು. ಅದೇ ನಗರದಲ್ಲಿ ಬಿಷಪ್ ಜಾನ್ ಕ್ರಿಸೋಸ್ಟಮ್, ಗೋಥರಿಗೆ ಅವರ ಭಾಷೆಯಲ್ಲೇ ಪ್ರಾರ್ಥನೆ ನಡೆಯಲಿ ಅಂತ ಒಂದು ಚರ್ಚನ್ನು ಬಿಟ್ಟುಕೊಟ್ಟಿದ್ದ, ದುಭಾಷಿಯನ್ನು ಇಟ್ಟುಕೊಂಡು ತಾನೇ ಹೋಗಿ ಉಪದೇಶವನ್ನೂ ಮಾಡಿದ್ದ. ಎರಡೂ ರೋಮ್ ಸಾಮ್ರಾಜ್ಯದಲ್ಲೇ ಇತ್ತು.

ಪಶ್ಚಿಮದಲ್ಲಿ ಕಥೆ ಇನ್ನೂ ಕೆಟ್ಟದಾಗಿ ಹೋಯಿತು. 408ರಲ್ಲಿ ಸೇನಾಪತಿ ಸ್ಟಿಲಿಕೋನನ್ನು ಕೊಂದ ಮೇಲೆ, ರೋಮ್ ಸೇನೆಯಲ್ಲೇ ದುಡಿಯುತ್ತಿದ್ದ ಹೊರನಾಡಿನ ಸೈನಿಕರ ಹೆಂಡತಿ ಮಕ್ಕಳನ್ನು ಇಟಲಿಯ ಊರೂರಲ್ಲಿ ಕಡಿದು ಹಾಕಿದರು. ಆ ಗಂಡಸರೆಲ್ಲ, ಜೊಸಿಮಸ್ ಹೇಳುವ ಪ್ರಕಾರ 30,000ಕ್ಕೂ ಹೆಚ್ಚು ಜನ, ಅಲಾರಿಕ್ ಜೊತೆ ಸೇರಿದರು. ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಬಿಡುಗಡೆಗೆ ಕೇಳಿದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ಬಣ್ಣದ ಚರ್ಮ, 3,000 ಪೌಂಡ್ ಮೆಣಸು. ಸುಮಾರು ಒಂದು ಟನ್ ಕಾಳುಮೆಣಸು, ನಮ್ಮ ಮಲಬಾರ್ ಕಡೆಯ ಸರಕು. ದುಡ್ಡು ಸಿಕ್ಕಿತು, ಆದರೆ ಅವನಿಗೆ ಬೇಕಾಗಿದ್ದ ನೆಲ ಸಿಗಲಿಲ್ಲ. ಕೊನೆಗೆ ಅವನು ಚಿನ್ನ ಬೇಡ, ಪದವಿ ಬೇಡ, ಡ್ಯಾನ್ಯೂಬ್ ಕಡೆಯ ನೋರಿಕಮ್ ಪ್ರಾಂತ್ಯ ಮತ್ತು ವರ್ಷಕ್ಕಿಷ್ಟು ಧಾನ್ಯ ಸಾಕು ಅಂದ. ರವೆನ್ನಾದಲ್ಲಿ ಕೂತಿದ್ದ ಹೊನೋರಿಯಸ್ ಚಕ್ರವರ್ತಿಯ ಆಸ್ಥಾನ ಅದನ್ನೂ ಒಪ್ಪಲಿಲ್ಲ. 410ರ ಆಗಸ್ಟ್ 24ರಂದು ಗೋಥರು ರೋಮ್‌ನೊಳಗೆ ನುಗ್ಗಿ ಮೂರು ದಿನ ಲೂಟಿ ಮಾಡಿದರು.

ಹಾಗಾದರೆ ಗೋಥರಿಂದ ರೋಮ್‌ಗೆ ಪೆಟ್ಟು ಬೀಳಲಿಲ್ಲವೇ? ಬಿತ್ತು. ಪೀಟರ್ ಹೆದರ್ ಥರದ ಇತಿಹಾಸಕಾರರು ಹೂಣರ ಒತ್ತಡ ಮತ್ತು ಹೊರಗಿನಿಂದ ಬಂದ ದೊಡ್ಡ ಗುಂಪುಗಳೇ ಮುಖ್ಯ ಕಾರಣ ಅನ್ನುತ್ತಾರೆ. ಗೈ ಹಾಲ್ಸಾಲ್ ಥರದವರು ಒಳಜಗಳ ಮೊದಲು, ಗೋಥರು ಆ ಬಿರುಕಿನಲ್ಲಿ ಬೆಳೆದವರು ಅನ್ನುತ್ತಾರೆ. ಈ ವಾದ ಮುಗಿದಿಲ್ಲ. 406ರ ಕೊನೆಯಲ್ಲಿ ರೈನ್ ದಾಟಿ ಬಂದವರು, 439ರಲ್ಲಿ ವಾಂಡಲರು ಅನ್ನುವ ಇನ್ನೊಂದು ಜನ ಕಾರ್ಥೇಜ್ ಹಿಡಿದು ಆಫ್ರಿಕಾದ ತೆರಿಗೆ ಮತ್ತು ಧಾನ್ಯ ತಪ್ಪಿಸಿದ್ದು, ಮೇಲಿಂದ ಮೇಲೆ ನಡೆದ ಅಂತರ್ಯುದ್ಧ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅತ್ತ 451ರಲ್ಲಿ ಅಟಿಲಾನ ಹೂಣರನ್ನು ಗಾಲ್‌ನಲ್ಲಿ (ಇಂದಿನ ಫ್ರಾನ್ಸ್) ತಡೆದ ರೋಮ್ ಸೇನೆಯ ಜೊತೆ ವಿಸಿಗೋಥರಿದ್ದರು, ಅವರ ರಾಜ ಅಲ್ಲೇ ಸತ್ತ. ವಿಸಿಗೋಥ್ ಅನ್ನುವ ಗುಂಪು ರೂಪ ತಳೆದದ್ದೇ ರೋಮ್ ನೆಲದ ಮೇಲೆ, ರೋಮ್ ಸೇನೆಯ ಒಳಗೆ.

ಈಗ ಹೋಲಿಕೆಯ ಮಿತಿ. ಗೋಥರು ನಾಯಕರ ಕೆಳಗೆ, ಯುದ್ಧ ಗೊತ್ತಿದ್ದ ಸಾವಿರಾರು ಜನರ ಜೊತೆ, ಒಂದು ಜನಾಂಗವಾಗಿ ಬಂದು ಒಪ್ಪಂದ ಕೇಳಿದವರು. ಇಂದು ರಬ್ಬರ್ ದೋಣಿಯಲ್ಲಿ ಏಜಿಯನ್ ದಾಟುವ ಸಿರಿಯಾದ ಕುಟುಂಬಕ್ಕೆ ಸೇನೆ ಇಲ್ಲ, ಫ್ರಿಟಿಗರ್ನ್ ಇಲ್ಲ. ಹಾಗಾಗಿ ಗೋಥರನ್ನು ತೋರಿಸಿ ಇವರನ್ನು ಹೆದರಿಕೆಯ ವಸ್ತು ಮಾಡುವುದು ತಪ್ಪು. ಗೋಥರನ್ನು ತೋರಿಸಿ ಎಲ್ಲರಿಗೂ ಬಾಗಿಲು ತೆಗೆದರೆ ಎಲ್ಲ ಸರಿಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. 376ರಿಂದ ಇವತ್ತಿಗೆ ದಾಟಿಸಬಹುದಾದದ್ದು ಒಂದೇ. ಬಂದವರ ಊಟ, ನೆಲ, ಮಾತುಕತೆ ಯಾರ ಕೈಲಿದೆ, ಆ ಕೈ ಹೇಗಿದೆ ಅನ್ನುವುದರ ಮೇಲೆ ಮುಂದಿನದು ನಿಂತಿರುತ್ತದೆ. ಜಾನ್ಸನ್, ರುಟ್ಟೆ ಅವರ ಮಾತಿನಲ್ಲಿ ಲುಪಿಸಿನಸ್ ಬರುವುದೇ ಇಲ್ಲ.

ಗೋಥರ ಹೆಸರನ್ನು ಹೀಗೆ ಬೇಕಾದ ಹಾಗೆ ಎಳೆದಾಡಿದ್ದು ಇದೇ ಮೊದಲಲ್ಲ. 1434ರಲ್ಲಿ ಬಾಸೆಲ್‌ನ ಚರ್ಚ್ ಸಭೆಯಲ್ಲಿ ಸ್ವೀಡನ್‌ನ ಬಿಷಪ್ ಒಬ್ಬರು, ನಮ್ಮ ರಾಜ ಗೋಥರ ವಂಶದವನು, ನಮಗೆ ಮೇಲಿನ ಜಾಗ ಕೊಡಿ ಅಂತ ವಾದಿಸಿದರು. ನಾಜಿಗಳಿಗೆ ಅದು ನೆಲ ಕಬಳಿಸಲು ನೆಪವಾಯಿತು. 1939ರಲ್ಲಿ ಪೋಲೆಂಡ್‌ನ ಗ್ಡಿನಿಯಾ ಬಂದರಿಗೆ ಗೋಟೆನ್‌ಹಾಫೆನ್ ಅಂತ ಹೆಸರಿಟ್ಟರು. ಕ್ರೈಮಿಯಾವನ್ನು ಗೋಥರ ಪ್ರಾಂತ್ಯ ಮಾಡಿ, ಸೆವಸ್ಟೊಪೋಲ್‌ಗೆ ತಿಯೋಡೊರಿಕ್‌ನ ಹೆಸರಿಡುವ ಯೋಜನೆಯೂ ಇತ್ತು. ಹಿಂದೆ ಅವರನ್ನು ವೀರ ಪೂರ್ವಜರು ಅಂದರು, ಈಗ ಗಡಿ ಮುರಿದವರು ಅನ್ನುತ್ತಾರೆ. ಎರಡರಲ್ಲೂ ನಾಯಿಗೆ ಮಗನನ್ನು ಮಾರಿದ ತಂದೆಯಾಗಲಿ ನಿಕೋಪೊಲಿಸ್‌ನ ಕುರಿಗಾಹಿಯಾಗಲಿ ಕಾಣುವುದಿಲ್ಲ.

ಭಾಷೆ ಹೇಗೆ ಹೋಯಿತು ಅನ್ನುವುದನ್ನೂ ಹೇಳಬೇಕು. ಗೋಥರು ಕ್ರೈಸ್ತರಾದಾಗ ವಾಲೆನ್ಸ್‌ನ ಆಸ್ಥಾನದಲ್ಲಿದ್ದ ಪಂಥ, ಮಗ ದೇವರು ತಂದೆ ದೇವರಿಗಿಂತ ಕೆಳಗೆ ಅನ್ನುವ ಪಂಥ, ಅವರದಾಯಿತು. 381ರಲ್ಲಿ ಸಾಮ್ರಾಜ್ಯ ಆ ಪಂಥವನ್ನು ಕೈಬಿಟ್ಟಿತು. ಗೋಥರು ಬಿಡಲಿಲ್ಲ, ಆದ್ದರಿಂದ ಅವರು ಪಾಷಂಡಿಗಳಾದರು. ಗೋಥಿಕ್ ಬರವಣಿಗೆ ಬದುಕಿದ್ದು ಆ ಚರ್ಚಿನ ಆಸರೆಯಲ್ಲಿ. ಇಟಲಿಯಲ್ಲಿ 535ರಿಂದ ಸುಮಾರು 20 ವರ್ಷ ಪೂರ್ವದ ಚಕ್ರವರ್ತಿ ಜಸ್ಟಿನಿಯನ್ ನಡೆಸಿದ ಯುದ್ಧದಲ್ಲಿ ಗೋಥ್ ರಾಜ್ಯವೂ ಆ ಚರ್ಚೂ ಹೋದವು. 551ರ ಒಂದು ಸಾಲಪತ್ರದಲ್ಲಿ ರವೆನ್ನಾದ ಗೋಥ್ ಪಾದ್ರಿಗಳು ಗೋಥಿಕ್‌ನಲ್ಲಿ ಹಾಕಿದ ಸಹಿ ಉಳಿದಿದೆ. ಸಾಲ ತೀರಿಸಲು ಅವರು ಚರ್ಚಿನ ಜಮೀನು ಬಿಟ್ಟುಕೊಡುತ್ತಿದ್ದರು. ಗೋಥರ ಇನ್ನೊಂದು ರಾಜ್ಯವಿದ್ದ ಸ್ಪೇನ್‌ನಲ್ಲಿ ರಾಜ ರೆಕರೆಡ್ ಪಂಥ ಬದಲಿಸಿದ, 589ರ ಟೊಲೆಡೊ ಸಭೆಯಲ್ಲಿ ಅದು ಅಧಿಕೃತವಾಯಿತು, ಹಳೆಯ ಪಂಥದ ಪುಸ್ತಕಗಳನ್ನು ಸುಟ್ಟರು ಅಂತ ಒಂದು ಹಳೆಯ ಬರಹ ಹೇಳುತ್ತದೆ. ಗೋಥ್ ರಾಜರು 711ರ ತನಕ ಆಳಿದರು, ಆದರೆ ಲ್ಯಾಟಿನ್‌ನಲ್ಲಿ. ಸಾಮ್ರಾಜ್ಯವನ್ನು ಗೆದ್ದರು ಅಂತ ನಾವು ಹೇಳುವ ಜನ ಎರಡು ಮೂರು ಶತಮಾನದಲ್ಲಿ ತಮ್ಮ ಭಾಷೆಯನ್ನೇ ಬಿಟ್ಟು ಅದರ ಭಾಷೆ ಮಾತಾಡತೊಡಗಿದ್ದರು.

ಕ್ರೈಮಿಯಾದಲ್ಲಿ ಮಾತ್ರ ಅದು ಬಹಳ ಕಾಲ ಉಳಿಯಿತು. ಮಾಂಗುಪ್ ಬೆಟ್ಟದ ಹಳೆಯ ಚರ್ಚಿನ ಕಲ್ಲುಗಳ ಮೇಲೆ ಒಂಬತ್ತು ಹತ್ತನೇ ಶತಮಾನದವರು ಗೀಚಿದ ಗೋಥಿಕ್ ಬರಹವನ್ನು ರಷ್ಯಾದ ವಿದ್ವಾಂಸರು 2015ರಲ್ಲಿ ಪ್ರಕಟಿಸಿದರು, ವುಲ್ಫಿಲಾನ ಲಿಪಿಯಲ್ಲೇ ಇದೆ. ಹದಿನಾರನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಬುಸ್ಬೆಕ್ ಅನ್ನುವ ರಾಯಭಾರಿ ಕ್ರೈಮಿಯಾದಿಂದ ಬಂದವರ ಬಾಯಿಂದ ಸುಮಾರು 80 ಗೋಥಿಕ್ ಪದ ಕೇಳಿ ಬರೆದುಕೊಂಡ.

376ರಲ್ಲಿ ಗೋಥರನ್ನು ಒಳಗೆ ಬಿಟ್ಟದ್ದು ಪೂರ್ವದ ಸಾಮ್ರಾಜ್ಯ. ಏಡ್ರಿಯಾನೋಪಲ್‌ನಲ್ಲಿ ಸೋತದ್ದೂ ಅದೇ. ಅದು ಅವತ್ತು ಬೀಳಲಿಲ್ಲ. ಅದರ ನಂತರ ಸಾವಿರ ವರ್ಷಕ್ಕೂ ಹೆಚ್ಚು ಬಾಳಿತು, 1453ರಲ್ಲಿ ಒಟ್ಟೋಮನ್ನರು ಕಾನ್‌ಸ್ಟಾಂಟಿನೋಪಲ್ ಹಿಡಿಯುವ ತನಕ. ಕ್ರೈಮಿಯಾದ ಗೋಥರು ಗ್ರೀಕರು ಅಲಾನರ ಜೊತೆ ಬೆರೆತು ಕಟ್ಟಿದ್ದ, ಜನ ಗೋಥಿಯಾ ಅಂತ ಕರೆಯುತ್ತಿದ್ದ ತಿಯೋಡೊರೊ ಅನ್ನುವ ಪುಟ್ಟ ಕ್ರೈಸ್ತ ರಾಜ್ಯ, ಆ ಸಾಮ್ರಾಜ್ಯ ಮುಗಿದ ಮೇಲೂ 22 ವರ್ಷ ಮಾಂಗುಪ್ ಬೆಟ್ಟದ ಮೇಲೆ ನಿಂತಿತ್ತು.